ಒಟ್ಟು ಮೊತ್ತವೂ ಬಿಡಿ ಲೆಕ್ಕವೂ

(ಗವರ್ನರ್‌ಪೇಟೆಯ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ರಕ್ತದಲ್ಲಿರುವ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ವಿಧಾನ ಎಂಬುದು ಈ ಸಂಜೆಯ ವಿಷಯ. ಇದನ್ನು ಹೊರಗಿನ ಹಲಗೆಯ ಮೇಲೆ ಬರೆದಾಗ ಗೆಳೆಯರೊಬ್ಬರು, "ಇದು ಡಾಕ್ಟರರ ಮಾತಾಯಿತು, ಗಿರಣಿ ಗುಮಾಸ್ತರಿಗೆ ಇದರ ಗೊಡವೆ ಏಕೆ?" ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಹಗಲೆಲ್ಲ ಅಕ್ಕಿ ಗಿರಣಿಯಲ್ಲಿ ಮೂಟೆಗಳ ಲೆಕ್ಕ ಬರೆಯುವುದು, ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಇಷ್ಟೇ ನಮ್ಮ ಕೆಲಸ. ಆದರೂ ಈ ವಿಷಯವನ್ನು ನಾವೇ ಕೇಳಿ ಪಡೆದೆವು. ಇದನ್ನು ತಿಳಿಯದೆ ಇದ್ದುದರಿಂದ ಇದೇ ಮೇಜಿನ ಮುಂದೆ ಕುಳಿತು ನಾವು ಒಂದು ತಪ್ಪು ಮಾಡಿದೆವು. ಮೊದಲು ಅದನ್ನು ಒಪ್ಪಿಸಿ, ಅನಂತರ ವಿಷಯಕ್ಕೆ ಬರುವುದು ಸರಿಯೆಂದು ತೋರುತ್ತದೆ.

ನಿಮ್ಮಲ್ಲಿ ಬಹಳ ಮಂದಿಗೆ ನಮ್ಮ ಅಡಿಗೆ ಭಟ್ಟರ ಪರಿಚಯವಿದೆ. ಹೆಸರು ಹೇಳುವುದು ಬೇಡ. ಕುಂದಾಪುರದ ಕಡೆಯವರು. ಈ ಊರಿನ ಹೋಟೆಲುಗಳಲ್ಲಿ 30 ವರ್ಷ ಒಲೆಯ ಮುಂದೆ ನಿಂತವರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಇಲ್ಲಿಗೆ ಬಂದು, ಆ ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತು ಊರಿನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವರು. ಕಳೆದ ವರ್ಷ ಅವರಿಗೆ ಬೆನ್ನುನೋವು ಹಿಡಿಯಿತು. ದೋಸೆಕಲ್ಲಿನ ಮುಂದೆ ಬಗ್ಗಿ ಬಗ್ಗಿ ಬಂದ ನೋವೆಂದು ಅವರೂ ತಿಳಿದರು, ನಾವೂ ತಿಳಿದೆವು. ಎಣ್ಣೆ ತಿಕ್ಕಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಸುಸ್ತು ಹೆಚ್ಚಾದಾಗ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿರೆಂದು ಚೀಟಿ ಕೊಟ್ಟರು.

ಪರೀಕ್ಷೆಯ ವರದಿಯನ್ನು ಭಟ್ಟರು ನೇರವಾಗಿ ನಮ್ಮ ಬಳಿಗೆ ತಂದರು. ಅದೆಲ್ಲ ಇಂಗ್ಲಿಷಿನಲ್ಲಿತ್ತು. "ಗುಮಾಸ್ತರೇ, ಇದನ್ನೊಂದು ಸ್ವಲ್ಪ ಓದಿ ಹೇಳಿ ಮಾರಾಯ್ರೆ" ಎಂದರು. ನಾವು ಓದಿದೆವು. ಒಟ್ಟು ಪ್ರೋಟೀನು 7.9 ಗ್ರಾಂ ಎಂದು ಬರೆದಿತ್ತು. ಅದರ ಪಕ್ಕದಲ್ಲಿ 6.0ರಿಂದ 8.3ರವರೆಗೆ ಇರಬಹುದು ಎಂದು ಅಚ್ಚಾಗಿತ್ತು. ಒಟ್ಟು ಮೊತ್ತ ಮಿತಿಯೊಳಗೆ ಇದೆ. ನಾವು ಬೆರಳಿಟ್ಟು ತೋರಿಸಿ, "ಒಟ್ಟು ಸರಿಯಾಗಿಯೇ ಇದೆ ಭಟ್ಟರೇ, ಹೆದರಬೇಡಿ" ಎಂದೆವು. ಅದರ ಕೆಳಗಿನ ಎರಡು ಸಾಲುಗಳಲ್ಲಿ ಆಲ್ಬುಮಿನ್ 2.9, ಗ್ಲಾಬ್ಯುಲಿನ್ 5.0 ಎಂದಿತ್ತು. ಅವುಗಳ ಪಕ್ಕದಲ್ಲಿ ಒಂದಕ್ಕೆ ಕಡಿಮೆಯೆಂಬ ಗುರುತೂ ಇನ್ನೊಂದಕ್ಕೆ ಹೆಚ್ಚೆಂಬ ಗುರುತೂ ಇದ್ದವು. ನಾವು ಅವನ್ನು ಕಂಡೂ ಕಾಣದವರಂತೆ ದಾಟಿ ಹೋದೆವು. ಭಟ್ಟರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ವೈದ್ಯರ ಬಳಿಗೆ ಮತ್ತೆ ಹೋಗಲಿಲ್ಲ. ಗುಮಾಸ್ತರೇ ಸರಿಯೆಂದ ಮೇಲೆ ಅರ್ಧ ದಿನದ ಕೂಲಿ ಕಳೆದುಕೊಂಡು ಹೋಗುವುದೇಕೆ?

ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಅನ್ನದ ಹಂಡೆಯನ್ನು ಇಳಿಸಲು ಹೋಗಿ ಭಟ್ಟರು ಅಲ್ಲಿಯೇ ಕುಸಿದು ಕುಳಿತರು. ಎಕ್ಸ್‌ರೇ ತೆಗೆದು ನೋಡಿದಾಗ ಬೆನ್ನೆಲುಬಿನ ಒಂದು ಮೂಳೆ ತಗ್ಗಿ ಹೋಗಿತ್ತು. ಈ ಸಲ ನೋಡಿದ ವೈದ್ಯರು ಬೇರೆ. ಅವರು ಹಳೆಯ ಕಾಗದಗಳನ್ನೆಲ್ಲ ಕೇಳಿದರು. ನಾಲ್ಕಾಗಿ ಮಡಿಸಿದ್ದ ಆ ಕಾಗದವನ್ನು ಬಿಡಿಸಿ ಅರೆಗಳಿಗೆ ನೋಡಿ, "ಸೀರಂ ಪ್ರೋಟೀನ್ ಎಲೆಕ್ಟ್ರೋಫೋರಿಸಿಸ್" ಮಾಡಿಸಬೇಕೆಂದು ಬರೆದುಕೊಟ್ಟರು. ಜೊತೆಗೆ ಹೋಗಿದ್ದವರು ನಾವೇ. ಆ ಉದ್ದನೆಯ ಹೆಸರನ್ನು ನಾವು ಮೊದಲ ಬಾರಿ ಕೇಳಿದ್ದು ಅಂದು.

ಬಂಧುಗಳೇ, ಲೆಕ್ಕದ ಪುಸ್ತಕದೊಡನೆ ಬದುಕುವ ನಾವು ಈ ತಪ್ಪನ್ನು ಮಾಡಬಾರದಾಗಿತ್ತು. ಗಿರಣಿಗೆ 100 ಕಿಲೋ ಭತ್ತ ಬಂತು. ಹೊರಗೆ ಹೋಗುವಾಗ ಅಕ್ಕಿ, ನುಚ್ಚು, ತವುಡು, ಉಮಿ ಎಲ್ಲವನ್ನೂ ಕೂಡಿಸಿದರೆ ಮತ್ತೆ ಹತ್ತಿರ ಹತ್ತಿರ 100 ಕಿಲೋ ಆಗುತ್ತದೆ. ಮೊತ್ತ ತಾಳೆಯಾಯಿತೆಂದು ಯಜಮಾನರು ಸುಮ್ಮನಾಗುತ್ತಾರೆಯೇ? ಸರ್ಕಾರಕ್ಕೆ ಕೊಡುವ ಬೆಳ್ತಿಗೆ ಅಕ್ಕಿಯ ಲೆಕ್ಕದಲ್ಲಿ 100 ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಬರಬೇಕು. ಅಕ್ಕಿ 50ಕ್ಕೆ ಇಳಿದು ನುಚ್ಚು ಏರಿದ್ದರೆ, ಮೊತ್ತ ಎಷ್ಟೇ ತಾಳೆಯಾದರೂ ಯಂತ್ರದಲ್ಲಿ ದೋಷವಿದೆ ಎಂದೇ ಅರ್ಥ. ಭಟ್ಟರ ರಕ್ತದ ಲೆಕ್ಕವೂ ಇದೇ ಆಗಿತ್ತು. ಒಟ್ಟು ಮೊತ್ತ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯಲ್ಲ, ಬಿಡಿಬಿಡಿಯಾಗಿ ನೋಡಬೇಕು. ಹಾಗೆ ಬಿಡಿಸಿ ತೋರಿಸುವುದೇ ಎಲೆಕ್ಟ್ರೋಫೋರಿಸಿಸ್ ಎಂಬ ವಿಧಾನ.

ಮೊದಲು ಸೀರಂ ಎಂದರೇನೆಂದು ನೋಡೋಣ. ರಕ್ತವನ್ನು ಒಂದು ಗಾಜಿನ ನಳಿಗೆಯಲ್ಲಿ ತೆಗೆದು ಸುಮಾರು ಅರ್ಧ ಗಂಟೆ ಹಾಗೆಯೇ ಇಟ್ಟರೆ ಅದು ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಕೆಳಕ್ಕೆ ಕೂರಿಸಿದರೆ ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಲ್ಲುತ್ತದೆ. ಆ ತಿಳಿಯೇ ಸೀರಂ. 100 ಮಿಲಿಲೀಟರು ಸೀರಂನಲ್ಲಿ ಸುಮಾರು 6ರಿಂದ 8 ಗ್ರಾಂ ಪ್ರೋಟೀನು ಇರುತ್ತದೆ. ಹಳೆಯ ಶಾಲಾ ಪುಸ್ತಕಗಳು ಇದನ್ನು ಸಸಾರಜನಕವೆಂದು ಕರೆಯುತ್ತಿದ್ದವು.

ಈ ಪ್ರೋಟೀನು ಒಂದೇ ವಸ್ತುವಲ್ಲ, ನೂರಾರು ಬಗೆಯದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್. ಅದು ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ತಯಾರಾಗುತ್ತದೆ. ರಕ್ತದ ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು ಅದರ ಮುಖ್ಯ ಕೆಲಸ. ಆಲ್ಬುಮಿನ್ ಬಹಳ ಕುಗ್ಗಿದರೆ ನೀರು ಹೊರಕ್ಕೆ ಜಿನುಗಿ ಕಾಲು ಬಾತುಕೊಳ್ಳುವುದು ಇದರಿಂದಲೇ. ಉಳಿದವು ಗ್ಲಾಬ್ಯುಲಿನ್‌ಗಳು. ಅವುಗಳಲ್ಲಿ ಕೆಲವು ಕೊಬ್ಬನ್ನೂ ಕಬ್ಬಿಣವನ್ನೂ ಹೊತ್ತು ಸಾಗಿಸುತ್ತವೆ. ಕೆಲವು ರೋಗಾಣುಗಳೊಡನೆ ಹೋರಾಡುತ್ತವೆ.

ಇವನ್ನು ಬೇರ್ಪಡಿಸುವುದು ಹೇಗೆ? ಮನೆಯಲ್ಲಿ ತಾಯಂದಿರು ಮೊರದಲ್ಲಿ ಕೇರುವಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಅಲ್ಲಿ ಬೇರ್ಪಡಿಸುವುದು ಗಾಳಿ. ಇಲ್ಲಿ ಬೇರ್ಪಡಿಸುವುದು ವಿದ್ಯುತ್ತು. ತುಸು ಕ್ಷಾರವಾದ ದ್ರವದಲ್ಲಿ ಸೀರಂನ ಪ್ರೋಟೀನುಗಳು ಋಣ ವಿದ್ಯುದಾವೇಶವನ್ನು ಪಡೆಯುತ್ತವೆ. ಆದರೆ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಅಲ್ಲ. ಎರಡು ಕಡೆ ಧ್ರುವಗಳನ್ನಿಟ್ಟು ವಿದ್ಯುತ್ತು ಹರಿಸಿದರೆ ಅವು ಧನ ಧ್ರುವದ ಕಡೆಗೆ ಹೊರಡುತ್ತವೆ. ಹೆಚ್ಚು ಆವೇಶವುಳ್ಳ ಆಲ್ಬುಮಿನ್ ಎಲ್ಲರಿಗಿಂತ ಮುಂದೆ ಓಡುತ್ತದೆ. ಅದರ ಹಿಂದೆ ಕ್ರಮವಾಗಿ ಆಲ್ಫಾ ಒಂದು, ಆಲ್ಫಾ ಎರಡು, ಬೀಟಾ ಎಂಬ ಗ್ಲಾಬ್ಯುಲಿನ್‌ಗಳು. ಎಲ್ಲಕ್ಕೂ ಹಿಂದೆ ಗಾಮಾ. ಸಮಯ ನೋಡಿ ವಿದ್ಯುತ್ತನ್ನು ನಿಲ್ಲಿಸಿದರೆ ಓಟದ ನಡುವೆ ಎಲ್ಲರನ್ನೂ ನಿಂತಲ್ಲೇ ಹಿಡಿದಂತಾಗುತ್ತದೆ.

ಈ ಓಟವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಸ್ವೀಡನ್ ದೇಶದ ಉಪ್ಸಲಾ ವಿಶ್ವವಿದ್ಯಾಲಯದ ಆರ್ನೆ ಟಿಸೇಲಿಯಸ್. 1937ರಲ್ಲಿ ಅವರು ಪ್ರಕಟಿಸಿದ ಉಪಕರಣದಲ್ಲಿ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಗಾಜಿನ ನಳಿಗೆಯಿತ್ತು. ಅದರೊಳಗಿನ ದ್ರವವನ್ನು ಕೊರೆಯುವಷ್ಟು ತಣ್ಣಗೆ ಇಡುತ್ತಿದ್ದರು. ಬೆಳಕು ಬಾಗುವುದನ್ನು ಅಳೆದು ಪ್ರೋಟೀನುಗಳ ಗಡಿಗಳನ್ನು ಗುರುತಿಸುತ್ತಿದ್ದರು. ಆಲ್ಫಾ, ಬೀಟಾ, ಗಾಮಾ ಎಂದು ಗ್ಲಾಬ್ಯುಲಿನ್‌ಗಳಿಗೆ ಹೆಸರಿಟ್ಟವರು ಅವರೇ. 1939ರಲ್ಲಿ ಅವರೂ ಎಲ್ವಿನ್ ಕಬಾಟರೂ ಸೇರಿ, ರೋಗದೊಡನೆ ಹೋರಾಡುವ ಪ್ರತಿಕಾಯಗಳು ಗಾಮಾ ಭಾಗದಲ್ಲಿ ಓಡುತ್ತವೆಂದು ತೋರಿಸಿದರು. 1948ರಲ್ಲಿ ಟಿಸೇಲಿಯಸರಿಗೆ ರಸಾಯನ ಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ವಿದ್ಯೆ ದೊಡ್ಡದೇನೋ ಹೌದು. ಆದರೆ ಯಂತ್ರವೂ ದೊಡ್ಡದು. ಸುಮಾರು 20 ಅಡಿ ಉದ್ದವಾಗಿ ಒಂದು ಕೋಣೆಯನ್ನೇ ತುಂಬುತ್ತಿತ್ತು. ಅದನ್ನು ಕೊಳ್ಳಲು ಸಣ್ಣ ಆಸ್ಪತ್ರೆಗಳಿಗೆ ಎಲ್ಲಿಂದ ಆಗಬೇಕು? ಆದುದರಿಂದ 1950ರ ಸುಮಾರಿಗೆ ಹಲವು ದೇಶಗಳವರು ಸುಲಭವಾದ ದಾರಿಯನ್ನು ಹುಡುಕತೊಡಗಿದರು. ನಳಿಗೆಯ ಬದಲು ಒದ್ದೆಯಾದ ಸೋಸುಕಾಗದದ ಪಟ್ಟಿಯ ಮೇಲೆ ಸೀರಂನ ಒಂದು ಹನಿಯಿಟ್ಟು ಓಡಿಸಿದರು. ಕೆಲಸವೇನೋ ಆಯಿತು, ಆದರೆ ಕಾಗದದ ಮೇಲೆ ಓಟ ಮುಗಿಯಲು ಎಷ್ಟೋ ಗಂಟೆಗಳು ಬೇಕು, ಗೆರೆಗಳೂ ಕದಡಿ ಹೋಗುತ್ತಿದ್ದವು.

ಇಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದವರು ಪ್ರೊಫೆಸರ್ ಕೆ. ವಿ. ಗಿರಿ. ದುಂಡನೆಯ ಸೋಸುಕಾಗದದ ನಡುವೆ ಹನಿಯಿಟ್ಟು, ಬೆರೆತಿರುವ ವಸ್ತುಗಳನ್ನು ಉಂಗುರ ಉಂಗುರವಾಗಿ ಬೇರ್ಪಡಿಸುವ ವಿಧಾನವನ್ನು ಅವರು ಮೊದಲೇ ಬಳಕೆಗೆ ತಂದಿದ್ದರು. 1956ರ ಸುಮಾರಿಗೆ ಅವರು ಅಗರ್ ಎಂಬ ಅಂಟಿನ ತೆಳುವಾದ ಹಾಸಿನ ಮೇಲೆ ಸೀರಂ ಪ್ರೋಟೀನುಗಳನ್ನು ಬೇರ್ಪಡಿಸುವ ಸರಳ ವಿಧಾನವನ್ನು ಪ್ರಕಟಿಸಿದರು. ಅಗರ್ ಎಂದರೆ ಏನೋ ಅಪರೂಪದ ವಸ್ತುವಲ್ಲ. ಕಡಲಪಾಚಿಯಿಂದ ತೆಗೆಯುವ ಅಂಟು ಅದು. ನಮ್ಮ ಹೋಟೆಲಿನವರು ಚೈನಾ ಗ್ರಾಸ್ ಎಂದು ಹಾಲು ಸಕ್ಕರೆ ಹಾಕಿ ಕುದಿಸಿ ತಟ್ಟೆಯಲ್ಲಿ ಆರಿಸುವುದು ಅದನ್ನೇ. ಬಿಸಿಯಲ್ಲಿ ಕರಗಿ, ಆರಿದಾಗ ಗಟ್ಟಿಯಾಗಿ ಕನ್ನಡಿಯಂತೆ ನಿಲ್ಲುವ ಅದರ ಗುಣವೇ ಇಲ್ಲಿ ಉಪಕಾರಕ್ಕೆ ಬಂತು. ಪ್ರೋಟೀನುಗಳ ಓಟ ಮುಗಿದ ಮೇಲೆ ಬಣ್ಣ ಹಾಕಿ ಒಣಗಿಸಿದರೆ ಅದು ತೆಳುವಾದ ಪೊರೆಯಾಗಿ, ಗೆರೆಗಳೊಡನೆ ಕಡತದಲ್ಲಿ ಇಡಲು ಯೋಗ್ಯವಾಗುತ್ತದೆ. ಕೋಣೆ ತುಂಬುವ ಯಂತ್ರದ ಕೆಲಸವನ್ನು ಒಂದು ಗಾಜಿನ ಹಲಗೆ ಮಾಡತೊಡಗಿತು. ನಮ್ಮಂಥವರ ಪಾಲಿಗೆ ಈ ಹೆಜ್ಜೆ ಬಹುಮಾನಕ್ಕಿಂತ ದೊಡ್ಡದು. ಬೆಲೆ ಇಳಿಯದ ವಿದ್ಯೆ ಬಡವರ ಬಾಗಿಲಿಗೆ ಬರುವುದಿಲ್ಲ. ಗಿರಿಯವರ ನೆನಪಿಗಾಗಿ ಆ ಸಂಸ್ಥೆಯಲ್ಲಿ ಸ್ಮಾರಕೋಪನ್ಯಾಸಗಳೂ ನಡೆದಿವೆ.

ಅದೇ ಕಾಲದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಆಲಿವರ್ ಸ್ಮಿಥೀಸ್ ಎಂಬವರು ಕೆಲಸ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿ ಅಂಗಿಗಳಿಗೆ ಗಂಜಿ ಹಾಕುತ್ತಿದ್ದುದು ಅವರಿಗೆ ನೆನಪಿಗೆ ಬಂತು. ಆರಿದ ಗಂಜಿ ಹೆಪ್ಪಾಗಿ ನಿಲ್ಲುತ್ತಿತ್ತಲ್ಲವೇ ಎಂದು ಯೋಚಿಸಿ, ಆಲೂಗೆಡ್ಡೆಯ ಗಂಜಿಯನ್ನೇ ಹಾಸಾಗಿ ಮಾಡಿ 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಜಿಯ ಹಾಸು ಜರಡಿಯಂತೆಯೂ ಕೆಲಸ ಮಾಡಿತು. ಆವೇಶವೊಂದೇ ಅಲ್ಲದೆ ಗಾತ್ರದ ಮೇಲೂ ಪ್ರೋಟೀನುಗಳು ಬೇರೆಯಾದುವು. ಐದು ಗೆರೆ ಕಾಣುತ್ತಿದ್ದಲ್ಲಿ ಎಷ್ಟೋ ಹೆಚ್ಚು ಗೆರೆಗಳು ಕಂಡವು. 1957ರಲ್ಲಿ ಇಂಗ್ಲೆಂಡಿನ ಯೋಆಕಿಂ ಕೋನ್ ಎಂಬವರು ಸೆಲ್ಯುಲೋಸ್ ಅಸಿಟೇಟಿನ ಪಟ್ಟಿಯನ್ನು ಬಳಕೆಗೆ ತಂದರು. ಓಟದ ಸಮಯ ಇನ್ನಷ್ಟು ಇಳಿಯಿತು. ಇಂದು ಅನೇಕ ಪ್ರಯೋಗಶಾಲೆಗಳು ಅಗರಿನಿಂದಲೇ ಶುದ್ಧಿಮಾಡಿದ ಅಗರೋಸ್ ಎಂಬ ಹಾಸನ್ನು ಉಪಯೋಗಿಸುತ್ತವೆ. ದೊಡ್ಡ ಪ್ರಯೋಗಶಾಲೆಗಳಲ್ಲಿ ಕೂದಲೆಳೆಯಷ್ಟು ಸಣ್ಣ ನಳಿಗೆಯೊಳಗೆ ಕೆಲವೇ ನಿಮಿಷಗಳಲ್ಲಿ ಈ ಓಟವನ್ನು ಮುಗಿಸುವ ಯಂತ್ರಗಳೂ ಬಂದಿವೆ.

ಭಟ್ಟರ ರಕ್ತವನ್ನು ಕೊಟ್ಟ ದಿನ ಪ್ರಯೋಗಶಾಲೆಯ ತರುಣರೊಬ್ಬರು ದಯವಿಟ್ಟು ನಮಗೆ ಇದನ್ನೆಲ್ಲ ತೋರಿಸಿದರು. ಅಂಗೈಯಗಲದ ಅಗರೋಸ್ ಹಾಸಿನ ಒಂದು ಕೊನೆಯ ಬಳಿ ಸಾಲಾಗಿ ಎಂಟು ಹತ್ತು ಮಂದಿಯ ಸೀರಂ, ಒಬ್ಬೊಬ್ಬರದು ಒಂದು ಹನಿಗಿಂತಲೂ ಕಡಿಮೆ. ಪೆಟ್ಟಿಗೆಯನ್ನು ಮುಚ್ಚಿ ವಿದ್ಯುತ್ತು ಹರಿಸಿದರು. ಸುಮಾರು ಅರ್ಧ ಗಂಟೆಯಾದ ಮೇಲೆ ತೆಗೆದು ನೋಡಿದರೆ ಏನೂ ಕಾಣಲಿಲ್ಲ! ಪ್ರೋಟೀನಿಗೆ ಬಣ್ಣವಿಲ್ಲವೆಂದು ಅವರು ನಕ್ಕರು. ಬಣ್ಣದ ದ್ರವದಲ್ಲಿ ಅದ್ದಿ ತೊಳೆದಾಗ ಒಂದೊಂದು ಸಾಲಿನಲ್ಲೂ ಐದು ಪಟ್ಟೆಗಳು ಮೂಡಿದವು. ಮುಂದೆ ದಪ್ಪನೆಯ ಆಲ್ಬುಮಿನ್. ಆಮೇಲೆ ಮೂರು ತೆಳು ಪಟ್ಟೆಗಳು. ಕೊನೆಗೆ ಹೊಗೆಯಂತೆ ಹರಡಿದ ಗಾಮಾ. ಆಮೇಲೆ ಒಂದು ಯಂತ್ರ ಆ ಪಟ್ಟೆಗಳ ಮೇಲೆ ಬೆಳಕು ಹಾಯಿಸಿ, ಬಣ್ಣ ದಟ್ಟವಾಗಿರುವಲ್ಲಿ ಗೆರೆಯನ್ನು ಏರಿಸಿ, ತೆಳುವಾಗಿರುವಲ್ಲಿ ಇಳಿಸಿ ಬೆಟ್ಟಗುಡ್ಡದಂಥ ಚಿತ್ರವನ್ನು ಬರೆಯಿತು. ಒಂದೊಂದು ಗುಡ್ಡದ ಪಾಲು ನೂರಕ್ಕೆ ಎಷ್ಟೆಂದು ಲೆಕ್ಕ ಹಾಕಿತು.

ಆರೋಗ್ಯವಂತರಲ್ಲಿ ಸ್ಥೂಲವಾಗಿ ನೂರಕ್ಕೆ 55ರಿಂದ 65 ಪಾಲು ಆಲ್ಬುಮಿನ್, 10ರಿಂದ 20 ಪಾಲು ಗಾಮಾ. ಉಳಿದುದು ನಡುವಿನ ಮೂರು ಗುಡ್ಡಗಳದು. ಪ್ರತಿಯೊಂದು ಪ್ರಯೋಗಶಾಲೆಯೂ ತನ್ನ ವಿಧಾನಕ್ಕೆ ತಕ್ಕ ಮಿತಿಯನ್ನು ವರದಿಯಲ್ಲಿ ಅಚ್ಚು ಹಾಕಿರುತ್ತದೆ; ಅದನ್ನೇ ನೋಡಬೇಕು.

ಈ ಚಿತ್ರವನ್ನು ವೈದ್ಯರು ಓದುವ ರೀತಿ ಸ್ವಾರಸ್ಯವಾಗಿದೆ. ಯಕೃತ್ತು ಬಹುಕಾಲದಿಂದ ಕೆಟ್ಟು ಗಟ್ಟಿಯಾಗಿದ್ದರೆ ಆಲ್ಬುಮಿನ್ ಶಿಖರ ತಗ್ಗುತ್ತದೆ. ಗಾಮಾ ಅಗಲವಾಗಿ ಉಬ್ಬಿ, ಬೀಟಾಕ್ಕೂ ಅದಕ್ಕೂ ನಡುವಿನ ಕಣಿವೆ ಮುಚ್ಚಿಹೋಗುತ್ತದೆ. ಮೂತ್ರಪಿಂಡದ ಜರಡಿ ಹರಿದು ಪ್ರೋಟೀನು ಸೋರುತ್ತಿದ್ದರೆ, ಸಣ್ಣದಾದ ಆಲ್ಬುಮಿನ್ ಹೊರಗೆ ಹೋಗುತ್ತದೆ. ಬಹಳ ದೊಡ್ಡ ಗಾತ್ರದ ಒಂದು ಪ್ರೋಟೀನು ಸೋರಲಾರದೆ ಉಳಿದು ಆಲ್ಫಾ ಎರಡರ ಗುಡ್ಡವನ್ನು ಎತ್ತರಿಸುತ್ತದೆ. ಜರಡಿಯ ಕಣ್ಣು ದೊಡ್ಡದಾದರೆ ನುಚ್ಚು ಜಾರಿ ಅಕ್ಕಿ ಉಳಿಯುವಂತೆ ಎಂದು ನಾವು ಅರ್ಥಮಾಡಿಕೊಂಡೆವು. ಮೈಯಲ್ಲಿ ಹೊಸದಾಗಿ ಉರಿಯೂತ ಎದ್ದಿದ್ದರೆ ಆಲ್ಫಾ ಗುಡ್ಡಗಳೆರಡೂ ಏರುತ್ತವೆ.

ಇರುವುದನ್ನು ನೋಡುವಂತೆಯೇ ಇಲ್ಲದುದನ್ನೂ ನೋಡಬೇಕು. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಲೌರೆಲ್ ಎಂಬ ವೈದ್ಯರು ತಮ್ಮ ಪ್ರಯೋಗಶಾಲೆಗೆ ಬಂದ ಸುಮಾರು 1,500 ಪಟ್ಟಿಗಳನ್ನು ನೋಡುತ್ತಿದ್ದಾಗ ಐದರಲ್ಲಿ ಆಲ್ಫಾ ಒಂದರ ಗೆರೆಯೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಣ್ಣ ಸರಿಯಾಗಿ ಹಿಡಿಯಲಿಲ್ಲವೆಂದು ಬಿಟ್ಟುಬಿಡುತ್ತಿದ್ದರು. ಅವರೂ ಅವರ ಶಿಷ್ಯ ಎರಿಕ್‌ಸನ್ನರೂ ಆ ರೋಗಿಗಳನ್ನು ಹುಡುಕಿ ವಿಚಾರಿಸಿದರು. ಐವರಲ್ಲಿ ಮೂವರಿಗೆ ಎಳೆಯ ವಯಸ್ಸಿನಲ್ಲೇ ಶ್ವಾಸಕೋಶ ಜೀರ್ಣವಾಗಿತ್ತು. ಹುಟ್ಟಿನಿಂದ ಬರುವ ಒಂದು ಹೊಸ ರೋಗವೇ 1963ರಲ್ಲಿ ಹೀಗೆ ಬೆಳಕಿಗೆ ಬಂತು. ಖಾಲಿ ಬಿಟ್ಟ ಕಲಂ ಕೂಡ ಲೆಕ್ಕದ ಭಾಗವೆಂದು ಒಳ್ಳೆಯ ಗುಮಾಸ್ತನಿಗೆ ಗೊತ್ತಿರುತ್ತದೆ.

ಇನ್ನು ಗಾಮಾ ಗುಡ್ಡದ ಮಾತು. ಭಟ್ಟರ ಕಥೆ ಇರುವುದು ಅಲ್ಲಿಯೇ. ಪ್ರತಿಕಾಯಗಳನ್ನು ತಯಾರಿಸುವ ಜೀವಕೋಶಗಳು ನಮ್ಮ ಮೂಳೆಯ ಮಜ್ಜೆಯಲ್ಲಿ ಬಗೆಬಗೆಯಾಗಿ ಇರುತ್ತವೆ. ಒಂದೊಂದು ಕುಲವೂ ಒಂದೊಂದು ಬಗೆಯ ಪ್ರತಿಕಾಯವನ್ನು ಮಾಡುತ್ತದೆ. ಸಾಧಾರಣ ಸೋಂಕು ಬಂದಾಗ ಎಲ್ಲ ಕುಲಗಳೂ ದುಡಿಯುವುದರಿಂದ ಗಾಮಾ ಗುಡ್ಡ ಜಾತ್ರೆಯ ಜನದಂತೆ ಅಗಲವಾಗಿ ಹರಡಿ ಏರುತ್ತದೆ. ಆದರೆ ಒಂದೇ ಒಂದು ಕುಲ ಕಡಿವಾಣ ತಪ್ಪಿ ಬೆಳೆದರೆ, ಅದು ಮಾಡುವ ಪ್ರೋಟೀನೆಲ್ಲ ಒಂದೇ ಬಗೆಯದು, ಒಂದೇ ವೇಗದ್ದು. ಅದೆಲ್ಲ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತದೆ. ಆಗ ಅಗಲವಾದ ಗುಡ್ಡದ ಬದಲು ದೇವಸ್ಥಾನದ ಗೋಪುರದಂತೆ ಕಿರಿದಾದ ಎತ್ತರದ ಶಿಖರ ಏಳುತ್ತದೆ. ಈ ಎರಡು ಬಗೆಯ ಏರಿಕೆಗಳ ವ್ಯತ್ಯಾಸವನ್ನು 1960ರ ಸುಮಾರಿಗೆ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ ವಿವರಿಸಿದರು.

ಭಟ್ಟರ ಕಾಗದದಲ್ಲಿದ್ದುದು ಅಂಥ ಗೋಪುರ. 7.9 ಗ್ರಾಂ ಮೊತ್ತದಲ್ಲಿ ಗಾಮಾ ಭಾಗವೊಂದೇ 3.2 ಗ್ರಾಂ, ಸಾಧಾರಣ ಮಿತಿಯ ಮೇಲ್ತುದಿಯ ಎರಡರಷ್ಟು. ಆಲ್ಬುಮಿನ್ ಕುಗ್ಗಿದ ಜಾಗವನ್ನು ಅದು ತುಂಬಿಬಿಟ್ಟುದರಿಂದ ಮೊತ್ತ ಮಿತಿಯೊಳಗೇ ನಿಂತಿತ್ತು. ಒಬ್ಬನ ಸಾಲವನ್ನು ಇನ್ನೊಬ್ಬನ ಜಮೆ ಮುಚ್ಚಿಹಾಕಿದಂತೆ. ಮಜ್ಜೆಯ ಪರೀಕ್ಷೆಯೂ ಆದ ಮೇಲೆ ವೈದ್ಯರು ರೋಗದ ಹೆಸರು ಹೇಳಿದರು: ಮಲ್ಟಿಪಲ್ ಮೈಲೋಮ. ಮೂಳೆಯ ಮಜ್ಜೆಯೊಳಗಿನ ಒಂದು ಕ್ಯಾನ್ಸರು. ಬೆನ್ನುನೋವು, ಸುಸ್ತು, ರಕ್ತ ಕಡಿಮೆಯಾಗುವುದು, ಮೂತ್ರಪಿಂಡ ಕೆಡುವುದು, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದು ಇದರ ಲಕ್ಷಣಗಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಭಾಷಣವನ್ನು ಕೇಳಿ ಬೆನ್ನುನೋವಿದ್ದವರೆಲ್ಲ ಹೆದರಬೇಡಿ. ಮೂಟೆ ಹೊರುವವರ, ಕುಳಿತು ಬರೆಯುವವರ ಬೆನ್ನುನೋವುಗಳಲ್ಲಿ ಬಹುಪಾಲು ಸಾಧಾರಣ ನೋವೇ. ಗಾಮಾದಲ್ಲಿ ಗೋಪುರ ಕಂಡವರೆಲ್ಲ ರೋಗಿಗಳೂ ಅಲ್ಲ. ಅಮೆರಿಕದ ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿದಾಗ 50 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಚಿಕ್ಕ ಗೋಪುರವಿತ್ತೆಂದು 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಮಂದಿಗೆ ತೊಂದರೆಯೇ ಬರುವುದಿಲ್ಲ. ವರ್ಷಕ್ಕೆ ನೂರಕ್ಕೆ ಒಬ್ಬರಂತೆ ಮಾತ್ರ ರೋಗಕ್ಕೆ ತಿರುಗಬಹುದು. ಅಂಥವರಿಗೆ ಔಷಧವಲ್ಲ, ಕಾಲಕಾಲಕ್ಕೆ ಪರೀಕ್ಷೆ ಬೇಕು. ಇನ್ನು ಕೆಲವು ಸಲ ರಕ್ತವನ್ನು ಹೆಪ್ಪುಗಟ್ಟದ ಔಷಧವಿರುವ ನಳಿಗೆಯಲ್ಲಿ ತೆಗೆದುಬಿಟ್ಟರೆ, ಹೆಪ್ಪಿನ ಪ್ರೋಟೀನು ಉಳಿದುಕೊಂಡು ಬೀಟಾಕ್ಕೂ ಗಾಮಾಕ್ಕೂ ನಡುವೆ ಸುಳ್ಳು ಗೆರೆ ಮೂಡಿಸುತ್ತದೆ. ಮತ್ತೆ ಕೆಲವು ಮೈಲೋಮಗಳಲ್ಲಿ ಸೀರಂನಲ್ಲಿ ಗೋಪುರವೇ ಕಾಣುವುದಿಲ್ಲ. ಮೂತ್ರವನ್ನೂ ಬೇರೆ ಪರೀಕ್ಷೆಗಳನ್ನೂ ನೋಡಬೇಕಾಗುತ್ತದೆ. ಆದುದರಿಂದ ಚಿತ್ರವನ್ನು ನೋಡಿ ತೀರ್ಪು ಹೇಳುವ ಅಧಿಕಾರ ವೈದ್ಯರದು. ನಮ್ಮದಲ್ಲ, ಪ್ರಯೋಗಶಾಲೆಯವರದೂ ಅಲ್ಲ.

ಇದೇ ಓಟದ ವಿದ್ಯೆ ಸೀರಂ ಬಿಟ್ಟು ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನಿಗೂ ಉಪಯೋಗವಾಗಿದೆ. ಕುಡುಗೋಲು ಕಣದ ರಕ್ತಹೀನತೆಯುಳ್ಳವರ ಹಿಮೋಗ್ಲೋಬಿನ್ ಬೇರೆ ವೇಗದಲ್ಲಿ ಓಡುತ್ತದೆಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ತೋರಿಸಿದರು. 1952ರಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಆ ಲಕ್ಷಣವಿರುವುದು ವರದಿಯಾಯಿತು. 2023ರಲ್ಲಿ ಭಾರತ ಸರ್ಕಾರ ಈ ರೋಗದ ನಿವಾರಣೆಗಾಗಿ ಹೂಡಿದ ಕಾರ್ಯಕ್ರಮದಲ್ಲಿ ಆಂಧ್ರವೂ ಕರ್ನಾಟಕವೂ ಸೇರಿವೆ.

ಭಟ್ಟರ ಸುದ್ದಿಯನ್ನು ತಿಳಿಯಲು ನೀವು ಕಾತರರಾಗಿದ್ದೀರಿ. ಅವರು ಊರಿಗೆ ಹೋಗಿದ್ದಾರೆ. ಅಲ್ಲಿಯ ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. ಈ ರೋಗವನ್ನು ಬೇರು ಸಹಿತ ಕೀಳುವುದು ಕಷ್ಟ. ಆದರೆ ಈಗಿನ ಔಷಧಗಳಿಂದ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದಂತೆ. ಆ ಗೋಪುರ ತಗ್ಗುತ್ತಿದೆಯೇ ಎಂದು ಅದೇ ಎಲೆಕ್ಟ್ರೋಫೋರಿಸಿಸ್ ಮಾಡಿ ಅಳೆಯುತ್ತಾರೆ. ಕಳೆದ ವಾರ ದೂರವಾಣಿಯಲ್ಲಿ ಮಾತಾಡಿದೆವು. ಗೋಪುರ ಅರ್ಧಕ್ಕೆ ಇಳಿದಿದೆಯಂತೆ. ನಾಲ್ಕು ತಿಂಗಳ ಮಾತನ್ನು ನಾವು ಎತ್ತಿ ಕ್ಷಮೆ ಕೇಳಿದಾಗ ಅವರು ಹೇಳಿದ್ದು: "ನಿಮ್ದು ಎಂತ ತಪ್ಪು ಮಾರಾಯ್ರೆ? ಡಾಕ್ಟ್ರ ಹತ್ರ ಹೋಗದೆ ಕೂತದ್ದು ನಾನಲ್ವಾ? ಒಂದು ಕೆಲಸ ಮಾಡಿ. ಮುಂದೆ ಯಾರಾದ್ರೂ ಕಾಗದ ತಂದ್ರೆ ಕೆಳಗಿನ ಸಾಲೂ ಓದಿ."

ಅವರ ಆ ಮಾತೇ ಇಂದಿನ ಈ ಭಾಷಣಕ್ಕೆ ಕಾರಣ. ಸಮಿತಿಯ ಹಿರಿಯರೊಡನೆ ಆಲೋಚಿಸಿ ನಾವು ಒಂದು ಪದ್ಧತಿಯನ್ನು ಮಾಡಿಕೊಂಡಿದ್ದೇವೆ. ನೀವು ವೈದ್ಯಕೀಯ ಕಾಗದವನ್ನು ತಂದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳುತ್ತೇವೆ. ಕಡಿಮೆ ಅಥವಾ ಹೆಚ್ಚು ಎಂಬ ಗುರುತಿರುವ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡುತ್ತೇವೆ. ಸರಿಯಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ನಮ್ಮ ಬಾಯಿಂದ ಬರುವುದಿಲ್ಲ. ಆ ಚೀಟಿಯನ್ನು ಪರೀಕ್ಷೆ ಬರೆದುಕೊಟ್ಟ ವೈದ್ಯರಿಗೆ ತೋರಿಸಲೇಬೇಕು. ತೆಲುಗು ಮಾತು ಬರದವರಿದ್ದರೆ ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.

ನಿಮ್ಮಿಂದಲೂ ಮೂರು ಉಪಕಾರಗಳನ್ನು ಬೇಡುತ್ತೇವೆ. ಒಂದು, ಹಳೆಯ ವರದಿಗಳನ್ನು ಎಸೆಯಬೇಡಿ. ಒಂದು ಚೀಲದಲ್ಲಿ ತಾರೀಖಿನ ಕ್ರಮದಲ್ಲಿ ಇಟ್ಟುಕೊಳ್ಳಿ. ಭಟ್ಟರ ಹಳೆಯ ಕಾಗದ ಜೇಬಿನಲ್ಲಿ ಉಳಿದಿದ್ದುದರಿಂದಲೇ ಎರಡನೆಯ ವೈದ್ಯರಿಗೆ ದಾರಿ ಕಂಡಿತು. ಎರಡು, ವಾರಗಳು ಕಳೆದರೂ ರಾತ್ರಿಯಲ್ಲೂ ಬಿಡದ ಮೂಳೆನೋವು, ಕಾರಣವಿಲ್ಲದ ಸುಸ್ತು, ಕಾಲಿನ ಬಾವು ಇದ್ದರೆ ಬರಿಯ ನೋವಿನ ಮಾತ್ರೆಯಿಂದ ತಿಂಗಳುಗಳನ್ನು ನೂಕಬೇಡಿ. ಆ ಮಾತ್ರೆಗಳು ಮೂತ್ರಪಿಂಡಕ್ಕೂ ಕೇಡು. ಮೂರು, ಇ.ಎಸ್.ಐ. ಸೌಲಭ್ಯವಿರುವವರು ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟು ಮರೆಯಬೇಡಿ. ಅದು ನಿಮ್ಮ ಸಂಬಳದಿಂದಲೂ ಕಟ್ಟಿದ ಹಣದ ಹಕ್ಕು.

ಊರು ಬಿಟ್ಟು ಬಂದವರು ನಾವು. ತಿಂಗಳ ಕೊನೆಗೆ ಮನೆಗೆ ಹಣ ಕಳಿಸಿ, "ಎಲ್ಲ ಕ್ಷೇಮ" ಎಂದು ಒಂದು ಮಾತು ಹೇಳಿ ಮುಗಿಸುತ್ತೇವೆ. ಅದೂ ಒಂದು ಒಟ್ಟು ಮೊತ್ತವೇ. ಅದರ ಕೆಳಗಿನ ಬಿಡಿ ಸಾಲುಗಳನ್ನು ಇಲ್ಲಿ ಪರಸ್ಪರ ಓದಿ ಹೇಳುವವರು ಬೇಕು. ಈ ಕೋಣೆ ಇರುವುದು ಪತ್ರಿಕೆ ಓದುವುದಕ್ಕೆ ಮಾತ್ರವಲ್ಲ, ಅದಕ್ಕೂ ಹೌದು. ಕಿಟಕಿಯ ಬಳಿಯ ಬೆಂಚಿನಲ್ಲಿ ಭಟ್ಟರ ಜಾಗ ಹಾಗೆಯೇ ಇದೆ.